ಗಿನಿಪಿಗ್ಗಿನ ತುರಿಕಜ್ಜಿ

ಗಿನಿಪಿಗ್ ಎಂಬ ಹೆಸರಿನಲ್ಲಿ ಎರಡು ಮಾತುಗಳಿವೆ; ಎರಡೂ ನಿಜವಲ್ಲ. ಆ ಪ್ರಾಣಿ ಆಫ್ರಿಕದ ಗಿನಿ ದೇಶದಿಂದ ಬಂದದ್ದಲ್ಲ. ಹಂದಿಯ ಕುಲಕ್ಕೂ ಅದಕ್ಕೂ ಸಂಬಂಧವಿಲ್ಲ. ಇಲಿ, ಅಳಿಲುಗಳಂತೆ ಕಡಿದು ತಿನ್ನುವ ದಂಶಕ ವರ್ಗಕ್ಕೆ ಸೇರಿದ ಜೀವಿ ಅದು. ದಕ್ಷಿಣ ಅಮೆರಿಕದ ಆಂಡಿಸ್ ಪರ್ವತಗಳ ಜನ ಸಾವಿರಾರು ವರ್ಷಗಳ ಹಿಂದೆಯೇ ಅದನ್ನು ಆಹಾರಕ್ಕೆಂದು ಸಾಕಿ ಪಳಗಿಸಿದರು. ಇಂದಿಗೂ ಆ ಬೆಟ್ಟದ ಮನೆಗಳಲ್ಲಿ ಅದು ಒಲೆಯ ಪಕ್ಕದಲ್ಲಿ ಓಡಾಡಿಕೊಂಡಿರುತ್ತದೆ. ಅಲ್ಲಿನವರು ಅದನ್ನು ಕರೆಯುವ ‘ಕುಯಿ’ ಎಂಬ ಹೆಸರು ಅದರ ಕೂಗಿನ ಅನುಕರಣೆಯಂತೆಯೇ ಕೇಳಿಸುತ್ತದೆ. 16ನೆಯ ಶತಮಾನದಲ್ಲಿ ಅದು ಸ್ಪೇನಿನವರ ಹಡಗುಗಳನ್ನೇರಿ ಯೂರೋಪನ್ನು ತಲಪಿತು. ಅಲ್ಲಿ ಉಳ್ಳವರ ಮನೆಯ ಮಕ್ಕಳ ಮುದ್ದಿನ ಪ್ರಾಣಿಯಾಯಿತು.

ಅಲ್ಲಿಂದ ಮುಂದೆ ಅದರ ಹಣೆಯಬರಹ ಬೇರೆಯ ದಾರಿ ಹಿಡಿಯಿತು. 1782–83ರ ಚಳಿಗಾಲದಲ್ಲಿ ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಲಾವಾಸಿಯೇ, ಗಣಿತಜ್ಞ ಲಾಪ್ಲಾಸನೊಡನೆ ಸೇರಿ, ಒಂದು ಗಿನಿಪಿಗ್ಗನ್ನು ಮಂಜುಗಡ್ಡೆ ತುಂಬಿದ ಪಾತ್ರೆಯ ನಡುವೆ ಇಟ್ಟು, ಅದರ ಮೈಶಾಖಕ್ಕೆ ಎಷ್ಟು ಮಂಜು ಕರಗಿತೆಂಬುದನ್ನು ಅಳೆದನು. ಉಸಿರಾಟವೆಂದರೆ ಒಂದು ಬಗೆಯ ನಿಧಾನವಾದ ಉರಿಯುವಿಕೆಯೆಂದು ತೋರಿಸಿದನು. 1882ರಲ್ಲಿ ರಾಬರ್ಟ್ ಕಾಕ್ ಕ್ಷಯರೋಗದ ಕಾರಣ ಒಂದು ಸೂಕ್ಷ್ಮಜೀವಿಯೆಂದು ಸಾಧಿಸಿದ್ದು ಬಹುಮಟ್ಟಿಗೆ ಗಿನಿಪಿಗ್ಗುಗಳ ಮೇಲಿನ ಪ್ರಯೋಗದಿಂದ. 1907ರಲ್ಲಿ ನಾರ್ವೆಯ ಹೋಲ್ಸ್ಟ್ ಮತ್ತು ಫ್ರೋಲಿಕ್ ಎಂಬಿಬ್ಬರು ಬರಿಯ ಧಾನ್ಯವನ್ನು ತಿನ್ನಿಸಿದ ಗಿನಿಪಿಗ್ಗುಗಳಲ್ಲಿ ಸ್ಕರ್ವಿ ರೋಗ ಹುಟ್ಟುವುದನ್ನು ಕಂಡರು. ಮುಂದೆ ‘ಸಿ’ ಜೀವಸತ್ವದ ಶೋಧಕ್ಕೆ ಅದು ದಾರಿಯಾಯಿತು. ಹೀಗೆ ಎರಡು ಶತಮಾನಗಳ ಕಾಲ ನಮ್ಮ ರೋಗಗಳನ್ನು ಆ ಪುಟ್ಟ ಜೀವದ ಮೈಮೇಲೆ ಪರೀಕ್ಷಿಸಿದ್ದಾಯಿತು. ಕೊನೆಗೆ ‘ಗಿನಿಪಿಗ್’ ಎಂಬ ಮಾತಿಗೇ ಪ್ರಯೋಗಪಶು ಎಂಬ ಅರ್ಥ ಬಂದು, ನಮ್ಮ ಪತ್ರಿಕೆಗಳ ಭಾಷೆಯಲ್ಲಿಯೂ ನಿಂತುಬಿಟ್ಟಿದೆ.

ನಾನು ಇಂದು ಹೇಳಹೊರಟಿರುವುದು ಆ ಪ್ರಾಣಿ ನಮಗಾಗಿ ಪಟ್ಟ ರೋಗಗಳ ಮಾತನ್ನಲ್ಲ, ಅದಕ್ಕೇ ಬರುವ ಒಂದು ರೋಗದ ಮಾತನ್ನು. ನಮ್ಮ ಪಟ್ಟಣಗಳ ಮನೆಗಳಲ್ಲಿ ಈಗ ಗಿನಿಪಿಗ್ ಅಪರೂಪದ ಅತಿಥಿಯಲ್ಲ. ನಾಯಿಯನ್ನು ಸಾಕಲು ಸ್ಥಳವಿಲ್ಲದ ಮಹಡಿಯ ಮನೆಗಳಲ್ಲಿ ಮಕ್ಕಳ ಹಟಕ್ಕೆ ಮಣಿದು ಅಪ್ಪ ಅಮ್ಮಂದಿರು ಒಂದು ಜೋಡಿಯನ್ನು ತಂದುಕೊಡುತ್ತಾರೆ. ಅದು ಕಚ್ಚುವುದು ಕಡಿಮೆ, ಹುಲ್ಲು ಸೊಪ್ಪು ತಿಂದುಕೊಂಡಿರುತ್ತದೆ, ಅಡಿಗೆಮನೆಯಲ್ಲಿ ಕೊತ್ತಂಬರಿ ಸೊಪ್ಪಿನ ಕಟ್ಟು ಬಿಚ್ಚಿದ ಸದ್ದಿಗೇ ಕುಯ್ಯೆಂದು ಕೂಗಿ ಕರೆಯುತ್ತದೆ. ಇಷ್ಟು ಸಾಧುವಾದ ಪ್ರಾಣಿ ಒಂದು ದಿನ ಮೈ ತುರಿಸಿಕೊಳ್ಳತೊಡಗುತ್ತದೆ. ಪಶುವೈದ್ಯನಾಗಿ ನಾನು ಕಂಡ ಮಟ್ಟಿಗೆ, ಆ ತುರಿಕೆಯನ್ನು ಮನೆಯವರು ಗಮನಿಸುವುದಕ್ಕೂ ಅದು ನಮ್ಮ ಮೇಜಿನ ಮೇಲೆ ಬರುವುದಕ್ಕೂ ನಡುವೆ ಅನೇಕ ವಾರಗಳು ಕಳೆದಿರುತ್ತವೆ. ಆ ವಾರಗಳಲ್ಲಿ ಪ್ರಾಣಿ ಅನುಭವಿಸುವ ಯಾತನೆ ಸಾಮಾನ್ಯವಾದುದಲ್ಲ. ಕೆಲವು ಸಲ ಅದು ಪ್ರಾಣವನ್ನೇ ತೆಗೆಯುತ್ತದೆ.

ಈ ತಡಕ್ಕೆ ಮನೆಯವರ ಉದಾಸೀನವೇ ಕಾರಣವೆಂದು ಹೇಳುವಂತಿಲ್ಲ. ಗಿನಿಪಿಗ್ ಬೇಟೆಗಾರ ಪ್ರಾಣಿಯಲ್ಲ, ಬೇಟೆಗೆ ಸಿಕ್ಕುವ ಪ್ರಾಣಿ. ಅಂಥ ಜೀವಿ ತನ್ನ ದುರ್ಬಲತೆಯನ್ನು ಹೊರಗೆ ತೋರಗೊಟ್ಟರೆ ಹದ್ದಿನ ಕಣ್ಣಿಗೆ ಮೊದಲು ಬೀಳುವುದು ಅದೇ. ಆದುದರಿಂದ ನೋವನ್ನು ನುಂಗಿಕೊಂಡು ಮೂಲೆಯಲ್ಲಿ ಮುದುಡಿ ಕೂರುವುದು ಅದಕ್ಕೆ ಹುಟ್ಟುಗುಣ. ನಾಯಿಯಂತೆ ಬಂದು ಕಾಲಬಳಿ ಗೋಳಿಡುವುದಿಲ್ಲ. ಅಲ್ಲದೆ, ತುರಿಸಿಕೊಳ್ಳುವುದು ಎಲ್ಲ ಪ್ರಾಣಿಗಳಿಗೂ ಸಹಜವಾದ್ದರಿಂದ, ಯಾವುದು ದಿನನಿತ್ಯದ ಕೆರೆತ, ಯಾವುದು ರೋಗದ ತುರಿಕೆ ಎಂಬುದು ಹೊಸಬರಿಗೆ ತಿಳಿಯುವುದೂ ಸುಲಭವಲ್ಲ.

ಅದರ ಮೈಮೇಲೆ ಬಿಡಾರ ಹೂಡುವ ಪರೋಪಜೀವಿಗಳನ್ನು ಮುಖ್ಯವಾಗಿ ಮೂರು ಬಗೆಯಾಗಿ ವಿಂಗಡಿಸಬಹುದು. ನಮ್ಮ ಭಾಷೆಯಲ್ಲಿ ಇಂಥ ಕ್ರಿಮಿಗಳಿಗೆ ಹೆಸರುಗಳ ಬಡತನವಿಲ್ಲ. ಹೇನು, ಸೀರು, ಕೂರೆ, ಚಿಗಟ, ಉಣ್ಣೆ, ನುಸಿ ಎಂದು ಒಂದೊಂದನ್ನೂ ನಮ್ಮ ಹಿರಿಯರು ಬೇರೆ ಬೇರೆಯಾಗಿಯೇ ಗುರುತಿಸಿದ್ದಾರೆ. ಈ ಹೆಸರುಗಳು ವೈದ್ಯನಿಗೆ ಇಂದಿಗೂ ಉಪಯುಕ್ತ. ಏಕೆಂದರೆ ಕ್ರಿಮಿ ಯಾವುದೆಂದು ತಿಳಿಯದೆ ಚಿಕಿತ್ಸೆ ಹೇಳುವುದು ಕತ್ತಲಲ್ಲಿ ಕೈಯಾಡಿಸಿದಂತೆ.

ಮೊದಲನೆಯದು ಹೇನು. ಗಿನಿಪಿಗ್ಗಿನ ಹೇನುಗಳಲ್ಲಿ ತೆಳ್ಳಗೆ ಉದ್ದನಾದ ಗ್ಲಿರಿಕೋಲ, ಮೊಟ್ಟೆಯಾಕಾರದ ಗೈರೋಪಸ್ ಎಂಬ ಎರಡು ಜಾತಿಗಳು ಮುಖ್ಯವಾದವು. ಒಂದು, ಒಂದೂವರೆ ಮಿಲಿಮೀಟರು ಉದ್ದದ ಈ ಹೇನುಗಳನ್ನು ಬರಿಗಣ್ಣಿನಿಂದಲೇ ಕಾಣಬಹುದು. ಕಿವಿಯ ಹಿಂದಿನ ಕೂದಲನ್ನು ಬಿಡಿಸಿ ನೋಡಿದರೆ ಬೆಳ್ಳಗಿನ ಚುಕ್ಕೆ ಸರಿದಾಡಿದಂತೆ ತೋರುತ್ತದೆ. ಕೂದಲಿಗೆ ಸೀರು ಅಂಟಿಕೊಂಡಿರುತ್ತದೆ. ಇವು ಮನುಷ್ಯರ ತಲೆಗೆ ಹತ್ತುವುದಿಲ್ಲ. ಮಗಳ ಜಡೆಗೆ ಗಿನಿಪಿಗ್ಗಿನ ಹೇನು ಬಂದೀತೆಂದು ಗಾಬರಿಪಟ್ಟು ಪ್ರಾಣಿಯನ್ನು ಮನೆಯಿಂದ ಹೊರಹಾಕಬೇಕಾದ ಕಾರಣವಿಲ್ಲ.

ಎರಡನೆಯದು ಕೂದಲ ನುಸಿ. ನುಸಿಯೆಂದೊಡನೆ ನಮ್ಮಲ್ಲಿ ಅನೇಕರಿಗೆ ತೆಂಗಿನ ತೋಟಗಳನ್ನು 1990ರ ದಶಕದ ಕೊನೆಯಲ್ಲಿ ಕಾಡತೊಡಗಿದ ನುಸಿಪೀಡೆ ನೆನಪಾದೀತು. ನುಸಿಗಳು ಕೀಟಗಳಲ್ಲ, ಎಂಟು ಕಾಲಿನ, ಜೇಡ ಮತ್ತು ಉಣ್ಣೆಗಳ ಬಳಗಕ್ಕೆ ಸೇರಿದ ಜೀವಿಗಳು. ಗಿನಿಪಿಗ್ಗಿನ ಕೂದಲ ನುಸಿಗೆ ಶಾಸ್ತ್ರಜ್ಞರು ಕೈರೋಡಿಸ್ಕಾಯ್ಡಿಸ್ ಎಂಬ ಬಾಯಿಗೆ ಬಾರದ ಹೆಸರನ್ನಿಟ್ಟಿದ್ದಾರೆ. ಅದು ಕೂದಲನ್ನು ತಬ್ಬಿಕೊಂಡು ಬದುಕುತ್ತದೆ, ಚರ್ಮವನ್ನು ಕೊರೆಯುವುದಿಲ್ಲ. ಬೆನ್ನಿನ ಹಿಂಭಾಗದ ಕೂದಲನ್ನು ಬಾಚಿ, ಕರಿಯ ಕಾಗದದ ಮೇಲೆ ಕೊಡವಿ, ಭೂತಗನ್ನಡಿಯಲ್ಲಿ ನೋಡಿದರೆ ಅಲ್ಲಾಡುವ ಕಣಗಳಾಗಿ ಕಾಣುತ್ತದೆ. ಸಂಖ್ಯೆ ಕಡಿಮೆಯಿದ್ದಾಗ ಪ್ರಾಣಿಗೆ ಅದರ ಪರಿವೆಯೇ ಇರುವುದಿಲ್ಲ.

ಮೂರನೆಯದು ಕಜ್ಜಿಯ ನುಸಿ. ನನ್ನ ಇಂದಿನ ಮಾತಿನ ತಿರುಳಿರುವುದು ಇದರಲ್ಲಿಯೇ. ಮನುಷ್ಯರ ಕಜ್ಜಿಗೆ ಒಂದು ನುಸಿ ಕಾರಣವೆಂದು 1687ರಷ್ಟು ಹಿಂದೆಯೇ ಇಟಲಿಯ ಬೊನೋಮೊ ಎಂಬ ವೈದ್ಯನು, ಚೆಸ್ಟೋನಿ ಎಂಬ ಔಷಧ ವ್ಯಾಪಾರಿಯ ಜೊತೆ ಸೇರಿ ಸೂಕ್ಷ್ಮದರ್ಶಕದಲ್ಲಿ ನೋಡಿ, ತನ್ನ ಕಾಲದ ಪ್ರಸಿದ್ಧ ವಿಜ್ಞಾನಿ ರೆಡಿಗೆ ಪತ್ರ ಬರೆದು ತಿಳಿಸಿದ್ದನು. ರೋಗವೆಂದರೆ ದೇಹದ ರಸಗಳ ಏರುಪೇರು ಎಂದು ನಂಬಿದ್ದ ಆ ಕಾಲದ ವೈದ್ಯರು ಅದನ್ನು ಒಪ್ಪಲಿಲ್ಲ ಎಂಬುದು ಬೇರೆ ಮಾತು. ಆದರೆ ಗಿನಿಪಿಗ್ಗಿನ ಕಜ್ಜಿಯ ನುಸಿಗೆ ಹೆಸರು ದೊರೆಯಲು 1972ನೆಯ ಇಸವಿಯವರೆಗೂ ಕಾಯಬೇಕಾಯಿತು. ಆ ವರ್ಷ ಫೇನ್, ಹೋವೆಲ್ ಮತ್ತು ಹಯಾಟ್ ಎಂಬ ಮೂವರು ಬಿಳಿಯ ಗಿನಿಪಿಗ್ಗುಗಳ ಚರ್ಮದಲ್ಲಿ ಅದನ್ನು ಕಂಡು ವಿವರಿಸಿ, ಟ್ರಿಕ್ಸಕಾರಸ್ ಕೇವಿಯೆ ಎಂದು ಕರೆದರು. ಲಾವಾಸಿಯೇ ಕಾಲದಿಂದ ಪ್ರಯೋಗಶಾಲೆಯಲ್ಲಿದ್ದ ಪ್ರಾಣಿ ಅದು. ಅದರ ಒಳಗೆ ನಾವು ಹಾಕಿದ ರೋಗಗಳನ್ನೆಲ್ಲ ಅಷ್ಟು ಕೂಲಂಕಷವಾಗಿ ನೋಡಿದವರ ಕಣ್ಣಿಗೆ, ಅದರ ಚರ್ಮದಲ್ಲೇ ಕೂತಿದ್ದ ಶತ್ರು ಇಷ್ಟು ತಡವಾಗಿ ಬಿತ್ತು.

ಈ ನುಸಿ ಕಾಲು ಮಿಲಿಮೀಟರಿಗಿಂತಲೂ ಸಣ್ಣದು, ಬರಿಗಣ್ಣಿಗೆ ಕಾಣದು. ಹೆಣ್ಣು ನುಸಿ ಚರ್ಮದ ಮೇಲ್ಪದರದಲ್ಲಿ ಸುರಂಗ ತೋಡುತ್ತ, ಹೋದ ದಾರಿಯಲ್ಲಿ ಮೊಟ್ಟೆಯಿಡುತ್ತದೆ. ಮೊಟ್ಟೆಯೊಡೆದು ಬಂದ ಮರಿ ಬೆಳೆದು, ತಾನೂ ಮೊಟ್ಟೆಯಿಡುವ ಹೊತ್ತಿಗೆ ಸುಮಾರು ಎರಡು ವಾರವಾಗುತ್ತದೆ. ನುಸಿಯ ಮಲ, ಲಾಲಾರಸಗಳಿಗೆ ಚರ್ಮ ಕೆರಳುವುದರಿಂದ ಹುಟ್ಟುವ ತುರಿಕೆ ಮಿಕ್ಕ ಯಾವ ಚರ್ಮರೋಗದ ತುರಿಕೆಗೂ ಸಾಟಿಯಲ್ಲ. ಹೆಗಲು, ಬೆನ್ನು, ಪಕ್ಕೆ, ತೊಡೆಯ ಒಳಭಾಗಗಳಲ್ಲಿ ಕೂದಲುದುರಿ, ಚರ್ಮ ದಪ್ಪವಾಗಿ, ಹಳದಿ ಬಣ್ಣದ ಹೊಟ್ಟೂ ಹಕ್ಕಳೆಯೂ ಕಟ್ಟುತ್ತವೆ. ಪ್ರಾಣಿ ತನ್ನ ಹಿಂಗಾಲಿನ ಉಗುರುಗಳಿಂದಲೇ ಮೈಯನ್ನು ಗೀರಿಕೊಂಡು ಗಾಯ ಮಾಡಿಕೊಳ್ಳುತ್ತದೆ, ಮೇವು ಬಿಡುತ್ತದೆ, ಗಬ್ಬವಾಗಿದ್ದರೆ ಕಂದು ಹಾಕುವುದೂ ಉಂಟು. ತುರಿಕೆ ಮಿತಿಮೀರಿದಾಗ ಅದು ಓಡಿ, ಸುತ್ತಿ, ಬೆನ್ನು ಹಿಂದಕ್ಕೆ ಬಾಗಿ ಬಿದ್ದು ಕಾಲು ಬಡಿಯುತ್ತದೆ. ನೋಡಿದವರು ಅದನ್ನು ಅಪಸ್ಮಾರವೆಂದೇ ತಿಳಿಯುತ್ತಾರೆ.

ಒಮ್ಮೆ ಹೀಗೆ ಮೊಮ್ಮಗನನ್ನು ಜೊತೆಯಲ್ಲಿ ಕರೆದುಕೊಂಡು ಒಬ್ಬ ಹಿರಿಯರು ನನ್ನಲ್ಲಿಗೆ ಬಂದರು. ರಟ್ಟಿನ ಪೆಟ್ಟಿಗೆಯಲ್ಲಿ ಕಂದುಬಣ್ಣದ ಗಿನಿಪಿಗ್ ಇತ್ತು. “ಡಾಕ್ಟರೆ, ಇದಕ್ಕೆ ಮೂರ್ಛೆರೋಗ. ಮುಟ್ಟಿದರೆ ಸಾಕು, ಬಿದ್ದುಹೋಗುತ್ತೆ. ಉಳಿಯೋ ಜೀವ ಅಲ್ಲ, ಸುಮ್ಮನೆ ನರಳಿಸಬೇಡಿ ಅಂತ ಅಂಗಡಿಯವರು ಅಂದರು. ಹುಡುಗ ಕೇಳಲಿಲ್ಲ, ಅದಕ್ಕೆ ತಂದೆ” ಎಂದರು. ಬೆನ್ನಿನ ಹಕ್ಕಳೆಯನ್ನು ನಾನು ಬೆರಳ ತುದಿಯಿಂದ ಮುಟ್ಟಿದೊಡನೆ ಪ್ರಾಣಿಯ ಹಿಂಗಾಲು ಗಾಳಿಯಲ್ಲಿ ಕೆರೆಯತೊಡಗಿತು. ಮರುಕ್ಷಣ ಮೈ ಸೆಟೆದುಕೊಂಡಿತು. ನಾನು ಹುಡುಗನ ಕಡೆಗೆ ತಿರುಗಿ, “ಎಲ್ಲಿ, ನಿನ್ನ ಕೈ ತೋರಿಸಪ್ಪ” ಎಂದೆ. ಅವನು ಅಂಗಿಯ ತೋಳನ್ನು ಮೇಲಕ್ಕೆ ಸರಿಸಿದ. ಮುಂಗೈಯ ಒಳಭಾಗದಲ್ಲಿ, ಗಿನಿಪಿಗ್ಗನ್ನು ಎತ್ತಿ ತಬ್ಬಿಕೊಳ್ಳುವ ಜಾಗದಲ್ಲಿಯೇ, ಕೆಂಪು ಗುಳ್ಳೆಗಳಿದ್ದವು. ಮನೆಯಲ್ಲಿ ಅದನ್ನು ಸೊಳ್ಳೆಯ ಕಡಿತವೆಂದುಕೊಂಡಿದ್ದರು. ಕಜ್ಜಿಯ ನುಸಿ ಮನುಷ್ಯರ ಚರ್ಮದಲ್ಲಿ ವಂಶ ಬೆಳೆಸಲಾರದು. ಆದರೆ ಸಾಯುವ ಮುಂಚೆ ತಾತ್ಕಾಲಿಕವಾಗಿ ಹೀಗೆ ಕೆರಳಿಸಬಲ್ಲದು. ಪ್ರಾಣಿ ಗುಣವಾದರೆ ಮಗುವಿನ ಗುಳ್ಳೆ ತಾನಾಗಿ ಹೋಗುತ್ತದೆ. ಅಷ್ಟರೊಳಗೆ ಮಗುವನ್ನು ವೈದ್ಯರಿಗೆ ತೋರಿಸಿದರೆ, ಮನೆಯಲ್ಲಿ ಇಂಥ ಪ್ರಾಣಿಯಿದೆಯೆಂಬುದನ್ನು ಅವರಿಗೆ ಮೊದಲು ತಿಳಿಸಬೇಕು.

ಕಜ್ಜಿಯನ್ನು ನಿರ್ಧರಿಸಲು ಹಕ್ಕಳೆಯ ಅಂಚಿನ ಚರ್ಮವನ್ನು ಅಲಗಿನಿಂದ ಮೆಲ್ಲನೆ ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡುತ್ತೇವೆ. ನುಸಿಯೋ ಮೊಟ್ಟೆಯೋ ಕಂಡರೆ ಸಂಶಯವಿಲ್ಲ. ಕಾಣದಿದ್ದರೆ ರೋಗವಿಲ್ಲವೆಂದು ಹೇಳುವಂತಿಲ್ಲ. ಸುರಂಗದಲ್ಲಿ ಅವಿತಿರುವ ನುಸಿ ಒಂದೇ ಕೆರೆತಕ್ಕೆ ಸಿಕ್ಕಬೇಕೆಂಬ ನಿಯಮವೇನೂ ಇಲ್ಲ. ಲಕ್ಷಣಗಳು ಹೊಂದಿಕೊಂಡರೆ ಚಿಕಿತ್ಸೆಯನ್ನು ಪ್ರಾರಂಭಿಸುವುದೇ ಸರಿ. ಆದರೆ ಕೂದಲುದುರಿದ್ದೆಲ್ಲ ಕಜ್ಜಿಯಲ್ಲ ಎಂಬುದೂ ನೆನಪಿನಲ್ಲಿರಬೇಕು. ಮೂಗು, ಕಣ್ಣು, ಕಿವಿಗಳ ಸುತ್ತ ಹೊಟ್ಟೆದ್ದು ಕೂದಲು ಹೋಗಿದ್ದರೆ ಅದು ಬಹುಶಃ ಹುಳುಕಡ್ಡಿ, ಹೆಸರಿನಲ್ಲಿ ಹುಳುವಿದ್ದರೂ ಅದು ಶಿಲೀಂಧ್ರದ ರೋಗ, ಅದರ ಔಷಧವೇ ಬೇರೆ, ಮನುಷ್ಯರಿಗೂ ಹರಡುತ್ತದೆ. ವಯಸ್ಸಾದ ಹೆಣ್ಣಿನ ಎರಡು ಪಕ್ಕೆಗಳಲ್ಲಿಯೂ ಸಮನಾಗಿ, ತುರಿಕೆಯಿಲ್ಲದೆ ಕೂದಲುದುರಿದರೆ ಅಂಡಾಶಯದಲ್ಲಿ ನೀರುಗುಳ್ಳೆಯಿರಬಹುದು. ಜೊತೆಗಾರ ಪ್ರಾಣಿ ಕೂದಲನ್ನು ಕಚ್ಚಿ ಕತ್ತರಿಸುವುದೂ ಉಂಟು. ಆಗ ಚರ್ಮ ನುಣ್ಣಗೇ ಇರುತ್ತದೆ.

ರೋಗ ಕಜ್ಜಿಯೆಂದು ತಿಳಿದೊಡನೆ ಮನೆಯವರು ಮೊದಲು ಹುಡುಕುವುದು ಅಟ್ಟದ ಮೇಲಿನ ಔಷಧವನ್ನು. ಸೀಮೆಎಣ್ಣೆ, ಹೊಗೆಸೊಪ್ಪಿನ ನೀರು, ಕರ್ಪೂರ ಬೆರೆಸಿದ ಎಣ್ಣೆ, ನಾಯಿಯ ಸೋಪು ಎಲ್ಲವೂ ಪ್ರಯೋಗವಾಗುತ್ತವೆ. ಗಿನಿಪಿಗ್ ತನ್ನ ಮೈಯನ್ನು ತಾನೇ ನೆಕ್ಕಿ ಶುಚಿಮಾಡಿಕೊಳ್ಳುವ ಪ್ರಾಣಿ. ಮೈಗೆ ಹಚ್ಚಿದ್ದು ಹೊಟ್ಟೆಗೆ ಹೋಗುತ್ತದೆ. ಬಿರಿದ ಚರ್ಮದ ಮೂಲಕ ರಕ್ತಕ್ಕೂ ಇಳಿಯುತ್ತದೆ. ಹಿಂದೆ ಮನೆಮನೆಯಲ್ಲಿದ್ದ ಗ್ಯಾಮಕ್ಸೀನ್ ಪುಡಿಯಂಥ ವಿಷಗಳ ವರ್ಗಕ್ಕೆ ಸೇರಿದ ಲಿಂಡೇನನ್ನು ನಮ್ಮ ದೇಶದಲ್ಲಿ ಕೀಟನಾಶಕವಾಗಿ ಬಳಸುವುದು 2013ರಿಂದ ನಿಷಿದ್ಧವಾಗಿದೆ. ನಾಯಿಗಳ ಬೆನ್ನಿಗೆ ಹಾಕಲೆಂದು ಮಾರುವ ಹನಿಮದ್ದುಗಳೆಲ್ಲ ಇದಕ್ಕೆ ಒಗ್ಗುವವಲ್ಲ. ಅವುಗಳಲ್ಲಿ ಕೆಲವು ಮೊಲಗಳನ್ನೂ ಬೆಕ್ಕುಗಳನ್ನೂ ಕೊಂದಿರುವುದು ತಿಳಿದ ವಿಷಯ. ತುರಿಕೆ ಉಲ್ಬಣವಾಗಿರುವಾಗ ಬಲವಂತದಿಂದ ಸ್ನಾನ ಮಾಡಿಸಿದರೆ, ಆ ಮುಟ್ಟುವಿಕೆಗೂ ಗಾಬರಿಗೂ ಸೆಳವು ಬಂದುಬಿಡಬಹುದು.

ಹಾಗಾದರೆ ಔಷಧವೇನು? ಇಂದು ಸಾಮಾನ್ಯವಾಗಿ ನಾವು ಬಳಸುವುದು ಐವರ್ಮೆಕ್ಟಿನ್. ಕೋವಿಡ್ ಹಾವಳಿಯ 2020–21ರಲ್ಲಿ ಈ ಹೆಸರು ಎಲ್ಲರ ಬಾಯಲ್ಲಿಯೂ ಆಡಿತು. ಅದರ ನಿಜವಾದ ಕಥೆ ಅದಕ್ಕಿಂತ ಹಳೆಯದು, ಹೆಚ್ಚು ಸ್ವಾರಸ್ಯದ್ದು. 1970ರ ದಶಕದ ಮೊದಲ ಭಾಗದಲ್ಲಿ ಜಪಾನಿನ ಸತೋಷಿ ಓಮುರ, ಕವಾನ ಎಂಬಲ್ಲಿ ಗಾಲ್ಫ್ ಮೈದಾನದ ಬಳಿಯಿಂದ ತಂದ ಮಣ್ಣಿನಲ್ಲಿ ಒಂದು ಸೂಕ್ಷ್ಮಜೀವಿಯನ್ನು ಬೇರ್ಪಡಿಸಿದರು. ಅಮೆರಿಕದ ಮರ್ಕ್ ಸಂಸ್ಥೆಯಲ್ಲಿ ವಿಲಿಯಂ ಕ್ಯಾಂಪ್‌ಬೆಲ್ ಮತ್ತು ಅವರ ಸಂಗಡಿಗರು, ಆ ಜೀವಿ ಸ್ರವಿಸುವ ರಸಕ್ಕೆ ಜಂತುಗಳನ್ನು ಕೊಲ್ಲುವ ಶಕ್ತಿಯಿರುವುದನ್ನು ಕಂಡರು. 1981ರಲ್ಲಿ ಅದು ದನಕರು ಕುದುರೆಗಳ ಔಷಧವಾಗಿ ಮಾರುಕಟ್ಟೆಗೆ ಬಂತು. 1987ರಿಂದ ಆಫ್ರಿಕದ ನದೀಕುರುಡು ರೋಗಕ್ಕೆ ದಾನವಾಗಿ ಹಂಚಲ್ಪಟ್ಟು ಲಕ್ಷಾಂತರ ಜನರ ಕಣ್ಣುಗಳನ್ನು ಕಾಪಾಡಿತು. 2015ರಲ್ಲಿ ಓಮುರ ಮತ್ತು ಕ್ಯಾಂಪ್‌ಬೆಲ್ ಇಬ್ಬರಿಗೂ ನೊಬೆಲ್ ಪಾರಿತೋಷಕ ದೊರಕಿತು.

ನುಸಿಯ ನರಗಳಲ್ಲಿಯೂ ಸ್ನಾಯುಗಳಲ್ಲಿಯೂ ಲವಣದ ಕಣಗಳು ಒಳಹೋಗುವ ಅತಿ ಸೂಕ್ಷ್ಮವಾದ ಬಾಗಿಲುಗಳಿರುತ್ತವೆ. ಐವರ್ಮೆಕ್ಟಿನ್ ಆ ಬಾಗಿಲುಗಳನ್ನು ಮುಚ್ಚದಂತೆ ತೆರೆದಿಟ್ಟುಬಿಡುತ್ತದೆ. ನುಸಿ ಕೈಕಾಲು ಸೋತು ಸಾಯುತ್ತದೆ. ಸಸ್ತನಿಗಳಲ್ಲಿ ಈ ಔಷಧಕ್ಕೆ ಗುರಿಯಾಗಬಲ್ಲ ನರಗಳು ಮಿದುಳಿನೊಳಗಿವೆ; ರಕ್ತದಿಂದ ಮಿದುಳಿಗೆ ಹೋಗುವ ದಾರಿಯಲ್ಲಿರುವ ಒಂದು ತಡೆ ಔಷಧವನ್ನು ಒಳಬಿಡುವುದಿಲ್ಲ. ನಮಗೂ ಗಿನಿಪಿಗ್ಗಿಗೂ ಕ್ಷೇಮವಾಗಿರುವುದು ಆ ತಡೆಯ ದೆಸೆಯಿಂದ. ಆದರೆ ಪ್ರಮಾಣ ಮಿತಿಮೀರಿದರೆ ಆ ತಡೆಯೂ ಸೋಲುತ್ತದೆ. ಅತಿಯಾದರೆ ಅಮೃತವೂ ವಿಷವೆಂಬುದು ಇಲ್ಲಿ ಬರಿಯ ಗಾದೆಯಲ್ಲ.

ಆದುದರಿಂದ ಈ ಚಿಕಿತ್ಸೆಯಲ್ಲಿ ಔಷಧದ ಸೀಸೆಗಿಂತ ಮೊದಲು ಬೇಕಾದದ್ದು ತಕ್ಕಡಿ. ಗಿನಿಪಿಗ್ಗಿಗೆ ನಾವು ಕೊಡುವ ಪ್ರಮಾಣ, ಕಿಲೋ ತೂಕಕ್ಕೆ 0.2ರಿಂದ 0.4 ಮಿಲಿಗ್ರಾಂ, ಸಾಮಾನ್ಯವಾಗಿ ಚರ್ಮದಡಿಯ ಸೂಜಿಮದ್ದಾಗಿ. ದನಗಳಿಗೆಂದು ಅಂಗಡಿಯಲ್ಲಿ ಸಿಕ್ಕುವ ಶೇಕಡ 1ರ ಔಷಧದಲ್ಲಿ ಒಂದು ಮಿಲಿಲೀಟರಿಗೆ 10 ಮಿಲಿಗ್ರಾಂ ಇರುತ್ತದೆ. ಅದು 50 ಕಿಲೋ ತೂಗುವ ಕರುವಿಗೆ ಸಾಲುವಷ್ಟು. ಒಂದು ಕಿಲೋ ತೂಗುವ ಗಿನಿಪಿಗ್ಗಿಗೆ ಹೆಚ್ಚೆಂದರೆ ಅದರಲ್ಲಿ 0.04 ಮಿಲಿಲೀಟರು ಸಾಕು. ಒಂದು ಪೂರ್ಣ ಹನಿಯೂ ಆಗಲಾರದು. ಕಾಲು ಕಿಲೋ ತೂಗುವ ಮರಿಗೆ 0.01 ಮಿಲಿಲೀಟರು. ಕೈ ತುಸು ಜಾರಿ 0.1 ಮಿಲಿಲೀಟರು ಹೋದರೆ, ಆ ಮರಿಗೆ ಹತ್ತು ಪಟ್ಟು ಔಷಧ ಬಿದ್ದಂತಾಯಿತು. ಈ ಲೆಕ್ಕವನ್ನು ನಾನು ಹೇಳುತ್ತಿರುವುದು ಮನೆಯಲ್ಲಿ ಸೂಜಿ ಹಾಕಲೆಂದಲ್ಲ, ಹಾಕಬಾರದೆಂದು. ವೈದ್ಯರು ಪ್ರಾಣಿಯನ್ನು ಗ್ರಾಮಿನ ಮಟ್ಟಕ್ಕೆ ತೂಗಿ, ಔಷಧವನ್ನು ತಕ್ಕ ದ್ರವದಲ್ಲಿ ತೆಳುಮಾಡಿ ಕೊಡುತ್ತಾರೆ. ಸೆಲಮೆಕ್ಟಿನ್ ಎಂಬ ಅದೇ ಮನೆತನದ ಇನ್ನೊಂದು ಔಷಧವಿದೆ. ಕಿಲೋಗೆ 15 ಮಿಲಿಗ್ರಾಮಿನಂತೆ ಕುತ್ತಿಗೆಯ ಹಿಂದೆ, ನಾಲಿಗೆಗೆ ಎಟುಕದ ಜಾಗದಲ್ಲಿ, ಚರ್ಮದ ಮೇಲೆಯೇ ಹಾಕಬಹುದಾದ್ದರಿಂದ ಸೂಜಿಗೆ ಬೆದರುವ ಪ್ರಾಣಿಗೆ ಅದು ಅನುಕೂಲ. ಸೆಳವು ಬರುತ್ತಿದ್ದರೆ ಮೊದಲು ಅದನ್ನು ಶಮನಗೊಳಿಸುವ ಔಷಧ ಕೊಟ್ಟು, ಆಮೇಲೆ ಉಳಿದದ್ದು.

ತಕ್ಕಡಿಯಾದ ಮೇಲೆ ಬೇಕಾದದ್ದು ಗೋಡೆಯ ಮೇಲಿನ ಪಂಚಾಂಗ. ನನ್ನ ಮಾತಿನಲ್ಲಿ ಕೇಳುಗರು ಒಂದೇ ಒಂದನ್ನು ನೆನಪಿಡುವುದಾದರೆ ಇದನ್ನು ಇಟ್ಟುಕೊಳ್ಳಲಿ. ಐವರ್ಮೆಕ್ಟಿನ್ ನುಸಿಯನ್ನು ಕೊಲ್ಲುತ್ತದೆ, ಅದರ ಮೊಟ್ಟೆಯನ್ನು ಕೊಲ್ಲುವುದಿಲ್ಲ. ಮೊದಲ ಸೂಜಿಮದ್ದಿನ ನಂತರ ಕೆಲವು ದಿನಗಳಲ್ಲಿ ತುರಿಕೆ ತಗ್ಗುತ್ತದೆ. ಪ್ರಾಣಿ ಮೇವು ತಿನ್ನತೊಡಗುತ್ತದೆ. ಮನೆಯಲ್ಲಿ ಎಲ್ಲರಿಗೂ ಸಂತೋಷ. ಅಷ್ಟು ಹೊತ್ತಿಗೆ ಸುರಂಗದೊಳಗಿನ ಮೊಟ್ಟೆಗಳು ಒಡೆದು ಹೊಸ ತಲೆಮಾರು ಹೊರಟಿರುತ್ತದೆ. ಅದು ಮೊಟ್ಟೆಯಿಡುವಷ್ಟು ಬಲಿಯುವುದಕ್ಕೆ ಮುಂಚೆಯೇ ಎರಡನೆಯ ಸಲ ಔಷಧ ಬೀಳಬೇಕು. ಉಳಿದದ್ದಕ್ಕೆ ಮೂರನೆಯ ಸಲ. 7ರಿಂದ 14 ದಿನಗಳ ಅಂತರದಲ್ಲಿ, ವೈದ್ಯರು ಹೇಳಿದಷ್ಟು ಸಲ, ಸಾಮಾನ್ಯವಾಗಿ ಮೂರು ಸಲವಾದರೂ ಬರಬೇಕೆಂದು ಹೇಳುವುದು ಇದಕ್ಕಾಗಿ. ಆ ಹಿರಿಯರು ಮನೆಗೆ ಹೋದವರೇ ಪಂಚಾಂಗದಲ್ಲಿ ಎರಡು ತಾರೀಖುಗಳಿಗೆ ಗುಂಡು ಸುತ್ತಿಟ್ಟರಂತೆ. ತಪ್ಪದೆ ಬಂದರು, ಪ್ರಾಣಿ ಉಳಿಯಿತು. ಇನ್ನೊಂದು ಮನೆಯವರು ಮೊದಲ ಸೂಜಿಮದ್ದಿಗೇ ಗುಣವಾಯಿತೆಂದು ಸುಮ್ಮನಾದರು. ಎರಡು ತಿಂಗಳ ಮೇಲೆ ಅವರು ಮತ್ತೆ ತಂದಾಗ ಪ್ರಾಣಿಯ ತೂಕ ಮೂರನೆಯ ಒಂದು ಭಾಗ ಇಳಿದಿತ್ತು. ಅದು ಉಳಿಯಲಿಲ್ಲ. ಅವರ ಅಕ್ಕರೆಯಲ್ಲಿ ಕೊರತೆಯಿರಲಿಲ್ಲ. ಕಣ್ಣಿಗೆ ಕಂಡದ್ದನ್ನು ನಂಬಿದರು, ಅಷ್ಟೆ. ಕಣ್ಣಿಗೆ ಕಾಣದ ರೋಗದಲ್ಲಿ ಕಣ್ಣನ್ನು ನಂಬಿ ಚಿಕಿತ್ಸೆಯನ್ನು ನಿಲ್ಲಿಸಬಾರದು.

ಇದೇ ನ್ಯಾಯ ಜೊತೆಗಾರ ಪ್ರಾಣಿಗೂ ಅನ್ವಯಿಸುತ್ತದೆ. ಗಿನಿಪಿಗ್ ಒಂಟಿಯಾಗಿ ಬದುಕುವ ಜೀವಿಯಲ್ಲ. ಸಾಮಾನ್ಯವಾಗಿ ಮನೆಯಲ್ಲಿ ಎರಡಿರುತ್ತವೆ. ಒಂದಕ್ಕೆ ಕಜ್ಜಿಯಾಗಿ ಇನ್ನೊಂದು ನುಣ್ಣಗೆ ಹೊಳೆಯುತ್ತಿದ್ದರೆ, ‘ಆರೋಗ್ಯವಾಗಿರುವುದಕ್ಕೆ ಔಷಧವೇಕೆ’ ಎಂದು ಕೇಳುವುದು ಸಹಜ. ನುಸಿ ತಾಯಿಯಿಂದ ಮರಿಗೂ, ಒಟ್ಟಿಗೆ ಮಲಗುವುದರಿಂದ ಒಂದರಿಂದ ಇನ್ನೊಂದಕ್ಕೂ ದಾಟುತ್ತದೆ. ಮೈ ಬಲವಾಗಿರುವ ತನಕ ತಿಂಗಳುಗಟ್ಟಲೆ ಯಾವ ಲಕ್ಷಣವನ್ನೂ ತೋರದೆ ಅವಿತಿದ್ದು, ಗಬ್ಬವಾದಾಗಲೋ ಬೇರೆ ಕಾಯಿಲೆ ಬಂದಾಗಲೋ ಜಾಗ ಬದಲಾದ ಆಯಾಸದಲ್ಲೋ ಮೇಲೇಳುತ್ತದೆ. ಆದುದರಿಂದ ಒಟ್ಟಿಗಿರುವ ಎಲ್ಲಕ್ಕೂ ಒಂದೇ ದಿನ ಚಿಕಿತ್ಸೆಯಾಗಬೇಕು. ಅದೇ ದಿನ ಗೂಡಿನ ಹುಲ್ಲು, ಕಾಗದಗಳನ್ನೆಲ್ಲ ತೆಗೆದುಹಾಕಿ, ಬಟ್ಟೆಗಳನ್ನು ಬಿಸಿನೀರಿನಲ್ಲಿ ಒಗೆದು, ಗೂಡನ್ನು ತೊಳೆದು, ಚುರುಕಾದ ಬಿಸಿಲಿನಲ್ಲಿ ಒಣಗಿಸಬೇಕು. ಪ್ರಾಣಿಯನ್ನು ಮಾತ್ರ ಆ ಬಿಸಿಲಿಗೆ ಇಡಬಾರದು. ಶಾಖವನ್ನು ಅದು ತಡೆಯಲಾರದು.

ಇನ್ನೊಂದು ಎಚ್ಚರಿಕೆಯ ಮಾತಿದೆ. ಕೆರೆದ ಗಾಯಗಳಲ್ಲಿ ಕೀವಾದಾಗ, ಮನೆಯಲ್ಲಿ ಮಿಕ್ಕ ಅಮಾಕ್ಸಿಸಿಲಿನ್ ಗುಳಿಗೆಯನ್ನು ಅರೆದು ಕುಡಿಸುವವರಿದ್ದಾರೆ. ಪೆನಿಸಿಲಿನ್ ಮನೆತನದ ಔಷಧಗಳು ಗಿನಿಪಿಗ್ಗಿಗೆ ಮಾರಕ. ಅದರ ಕರುಳಿನಲ್ಲಿ ಹುಲ್ಲನ್ನು ಜೀರ್ಣಿಸುವ ಒಳ್ಳೆಯ ಸೂಕ್ಷ್ಮಜೀವಿಗಳನ್ನು ಅವು ಕೊಂದು, ವಿಷ ಉತ್ಪಾದಿಸುವ ಜೀವಿಗಳಿಗೆ ಎಡೆಮಾಡಿಕೊಡುತ್ತವೆ. ಈ ವಿಷಯ 1943ರಲ್ಲಿಯೇ ಪ್ರಕಟವಾಗಿತ್ತು. 1940ರಲ್ಲಿ ಆಕ್ಸ್‌ಫರ್ಡಿನಲ್ಲಿ ಫ್ಲೋರಿ ಮತ್ತು ಸಂಗಡಿಗರು ಪೆನಿಸಿಲಿನ್ನಿನ ಮೊದಲ ಪರೀಕ್ಷೆಯನ್ನು ಇಲಿಗಳ ಮೇಲೆ ಮಾಡಿದರು. ಗಿನಿಪಿಗ್ಗುಗಳ ಮೇಲೆ ಮಾಡಿದ್ದರೆ ಆ ಔಷಧದ ಗತಿ ಏನಾಗುತ್ತಿತ್ತೋ ಎಂದು ವೈದ್ಯರು ಇಂದಿಗೂ ಹೇಳಿಕೊಳ್ಳುವುದುಂಟು.

ಚಿಕಿತ್ಸೆಯ ಕಾಲದಲ್ಲಿ ಆಹಾರವೂ ಔಷಧದಷ್ಟೇ ಮುಖ್ಯ. ನಮ್ಮಂತೆ ಗಿನಿಪಿಗ್ಗೂ ‘ಸಿ’ ಜೀವಸತ್ವವನ್ನು ಮೈಯೊಳಗೆ ತಯಾರಿಸಿಕೊಳ್ಳಲಾರದು. ಕಿಲೋ ತೂಕಕ್ಕೆ ದಿನಕ್ಕೆ 10ರಿಂದ 30 ಮಿಲಿಗ್ರಾಮಿನಷ್ಟು ಅದಕ್ಕೆ ಹೊರಗಿನಿಂದ ದೊರೆಯಬೇಕು. ಅದಿಲ್ಲದಿದ್ದರೆ ಕೂದಲು ಒರಟಾಗಿ, ಗಾಯ ಮಾಯದೆ, ಕೀಲುಗಳು ನೋಯುತ್ತವೆ, ಕಜ್ಜಿಯೂ ಹೆಚ್ಚುತ್ತದೆ. ಯಥೇಚ್ಛವಾಗಿ ಒಣಹುಲ್ಲು, ತೊಳೆದ ಗರಿಕೆ, ಕೊತ್ತಂಬರಿ ಸೊಪ್ಪು, ಒಂದು ಹೋಳು ದಪ್ಪಮೆಣಸಿನಕಾಯಿ, ಆಗಾಗ ಒಂದು ಚೂರು ಸೀಬೆಹಣ್ಣು ಇವಿಷ್ಟು ನಮ್ಮ ಸಂತೆಯಲ್ಲಿ ಸಿಕ್ಕುವಂಥವೇ. ಹಿಂಗಾಲಿನ ಉಗುರುಗಳನ್ನು ರಕ್ತನಾಳಕ್ಕೆ ತಾಗದಂತೆ ಕತ್ತರಿಸಿದರೆ ಗೀರುಗಾಯ ಕಡಿಮೆಯಾಗುತ್ತದೆ.

ಪ್ರಾಣಿಯನ್ನು ಹೊಸದಾಗಿ ತರುವವರು ಅದನ್ನು ಮನೆಯ ಹಳೆಯ ಪ್ರಾಣಿಗಳ ಜೊತೆ ಎರಡು ಮೂರು ವಾರ ಸೇರಿಸಬಾರದು. ಮನೆಯಲ್ಲಿರುವುದನ್ನು ವಾರಕ್ಕೊಮ್ಮೆ ತೂಗಿ, ತೂಕವನ್ನು ಬರೆದಿಡಬೇಕು. ಆ ನೆಪದಲ್ಲಿ ಬೆನ್ನಿನ ಕೂದಲನ್ನು ಹಿಮ್ಮುಖವಾಗಿ ಸವರಿ ಚರ್ಮವನ್ನೂ ನೋಡಬೇಕು. ಅಡಿಗೆಮನೆಯ ಸಣ್ಣ ತಕ್ಕಡಿ ಇದಕ್ಕೆ ಸಾಕು. ಮಕ್ಕಳೇ ಈ ಕೆಲಸವನ್ನು ಉತ್ಸಾಹದಿಂದ ಮಾಡುತ್ತಾರೆ. ಬಾಯಿಬಿಟ್ಟು ಹೇಳದ ಪ್ರಾಣಿಯ ಕಾಯಿಲೆಯನ್ನು ಎಷ್ಟೋ ಸಲ ಮೊದಲು ಹೇಳುವುದು ಇಳಿಯುತ್ತಿರುವ ಆ ಅಂಕಿಗಳೇ.

ನಮ್ಮಲ್ಲಿ ಗಿನಿಪಿಗ್ಗಿನ ಕಜ್ಜಿಗೆ ನಾವು ಬಳಸುವ ಔಷಧಗಳು ದನಕರುಗಳಿಂದಲೋ ನಾಯಿಗಳಿಂದಲೋ ಎರವಲು ತಂದವು. ಯಾವ ಪ್ರಾಣಿಯ ಹೆಸರೇ ಔಷಧ ಪರೀಕ್ಷೆಗೆ ಪರ್ಯಾಯಪದವಾಯಿತೋ ಆ ಪ್ರಾಣಿಯ ಹೆಸರು ಈ ಸೀಸೆಗಳ ಮೇಲಿಲ್ಲ. ಆದರೂ ಎರವಲಿನ ಆ ಒಂದು ಹನಿಯಿಂದ, ಸರಿಯಾಗಿ ತೂಗಿ ಸರಿಯಾದ ದಿನಗಳಲ್ಲಿ ಕೊಟ್ಟರೆ, ರೋಗ ಸಂಪೂರ್ಣವಾಗಿ ವಾಸಿಯಾಗುತ್ತದೆ. ಅದಕ್ಕೆ ತಗಲುವ ಖರ್ಚು ಹೆಚ್ಚಿನದಲ್ಲ. ಪೆಟ್ಟಿಗೆಯಲ್ಲಿ ಬಿದ್ದು ಒದ್ದಾಡುವ ಗಿನಿಪಿಗ್ಗನ್ನು ಕಂಡವರು, ಅದು ಉಳಿಯುವ ಜೀವವಲ್ಲವೆಂದು ತೀರ್ಮಾನಿಸುವ ಮುಂಚೆ, ಅದರ ಬೆನ್ನಿನ ಚರ್ಮವನ್ನು ಒಮ್ಮೆ ನೋಡಲಿ ಎಂದಷ್ಟೇ ನನ್ನ ವಿನಂತಿ.